ಕರಡನ್ನು ಕೇಳುವ ಕಿವಿ: ಹೊಸ ನಾಟಕ ಮತ್ತು ಅದರ ಮೊದಲ ಓದುಗರು



 ನಾಟಕದ ಬಗ್ಗೆ ಯಾವ ವಿಷಯವನ್ನಾದರೂ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ನನಗೇ ಬಿಟ್ಟರು. ಆಡಿದ ನಾಟಕಗಳ ಬಗ್ಗೆ, ಅಚ್ಚಾದ ನಾಟಕಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ಇನ್ನೂ ಆಡದ, ಅಚ್ಚಿಗೂ ಹೋಗದ, ಬರೆದವರಿಗೇ ಪೂರ್ತಿ ಧೈರ್ಯ ಬಾರದ ನಾಟಕದ ಬಗ್ಗೆ, ಅಂದರೆ ಕರಡಿನ ಬಗ್ಗೆ ಇವತ್ತು ಮಾತಾಡಬೇಕೆಂದುಕೊಂಡಿದ್ದೇನೆ. ಆ ಕರಡನ್ನು ಯಾರು ಓದಬೇಕು? ಓದಿದ ಮೇಲೆ ಏನು ಹೇಳಬೇಕು? ಹೇಳಿದ್ದನ್ನು ಬರೆದವರು ಹೇಗೆ ತೆಗೆದುಕೊಳ್ಳಬೇಕು?

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ವಿವರಣೆ. ಕರಡು ಓದಿದವರು ತೀರ್ಪು ಕೊಡಬೇಕಿಲ್ಲ, ಪರಿಹಾರವನ್ನೂ ಸೂಚಿಸಬೇಕಿಲ್ಲ. ತಮಗೆ ಏನು ಕಂಡಿತು, ಏನು ಕೇಳಿಸಿತು, ಎಲ್ಲಿ ಗಮನ ತಪ್ಪಿತು ಎಂಬ ಪ್ರಾಮಾಣಿಕ ವರದಿ ಕೊಟ್ಟರೆ ಸಾಕು. ಕೇಳಲು ಸುಲಭ. ಕೊಡುವುದು ಬಹಳ ಕಷ್ಟ.

1

ಈಗ ನಡೆಯುತ್ತಿರುವುದನ್ನು ನೋಡಿ. ಒಬ್ಬ ಹೊಸ ನಾಟಕಕಾರರು ಬರೆದು ಮುಗಿಸುತ್ತಾರೆ. ಪಿಡಿಎಫ್ ಮಾಡಿ ಹತ್ತು ಜನಕ್ಕೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆರು ಜನ ಓದುವುದಿಲ್ಲ. ಇಬ್ಬರು ‘ಚೆನ್ನಾಗಿದೆ ಸರ್, ಮುಂದುವರಿಸಿ’ ಎನ್ನುತ್ತಾರೆ. ಮುಗಿದ ನಾಟಕವನ್ನು ಎಲ್ಲಿಗೆ ಮುಂದುವರಿಸುವುದು? ಒಬ್ಬರು ಇಡೀ ನಾಟಕವನ್ನು ತಾವಾಗಿದ್ದರೆ ಹೇಗೆ ಬರೆಯುತ್ತಿದ್ದರೋ ಹಾಗೆ ಹೇಳುತ್ತಾರೆ. ಕೊನೆಯವರು ನಿರ್ದೇಶಕರು. ಅವರು ಓದಿ, ಒಪ್ಪಿ, ತಾಲೀಮು ಶುರುಮಾಡಿ, ಎರಡನೆಯ ವಾರದಲ್ಲಿ ಮೂರನೆಯ ದೃಶ್ಯವನ್ನು ಕಿತ್ತುಹಾಕುತ್ತಾರೆ. ಪ್ರದರ್ಶನದ ದಿನವೇ ನಾಟಕಕಾರರಿಗೆ ಅದು ಗೊತ್ತಾಗುವುದು. ಆಮೇಲೆ ವಿಮರ್ಶೆ ಬರುತ್ತದೆ, ಅಷ್ಟು ಹೊತ್ತಿಗೆ ತಿದ್ದುವ ಕಾಲ ಕಳೆದಿರುತ್ತದೆ.

ನಮ್ಮಲ್ಲಿ ವಿಮರ್ಶಕರು ಇದ್ದಾರೆ, ನಿರ್ದೇಶಕರು ಇದ್ದಾರೆ. ಇವರಿಬ್ಬರ ನಡುವೆ, ನಾಟಕ ಇನ್ನೂ ಹಸಿಯಾಗಿರುವಾಗ ಅದರ ಪಕ್ಕದಲ್ಲಿ ಕೂರುವವರ ಜಾಗ ಮಾತ್ರ ಖಾಲಿಯಾಗಿದೆ. ಬೇರೆ ದೇಶಗಳಲ್ಲಿ ಆ ಜಾಗದಲ್ಲಿ ಕೂರುವವರಿಗೆ ಡ್ರಾಮಟರ್ಗ್ ಎಂಬ ಹೆಸರಿದೆ, ಕೆಲವೆಡೆ ಸಂಬಳವೂ ಇದೆ.

2

ಈ ಕೆಲಸ ನಮಗೆ ಹೊಸದೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ನಾಟಕ ಬರೆಯುವ ಕವಿ ಎಷ್ಟೋ ಕಡೆ ಕಂಪನಿಯ ಜೊತೆಗೇ ಇರುತ್ತಿದ್ದರು. ಯಾವ ಹಾಡಿಗೆ ‘ಒನ್ಸ್ ಮೋರ್’ ಬಿತ್ತು, ಯಾವ ಸೀನಿನಲ್ಲಿ ಹಿಂದಿನ ಸಾಲಿನವರು ಬೀಡಿ ಸೇದಲು ಎದ್ದುಹೋದರು ಎನ್ನುವುದು ಅದೇ ರಾತ್ರಿ ಗೊತ್ತಾಗುತ್ತಿತ್ತು, ಮಾರನೆಯ ದಿನ ಮಾತು ಬದಲಾಗುತ್ತಿತ್ತು. ನಾಟಕದ ಕರಡು ಮುಗಿಯುತ್ತಲೇ ಇರಲಿಲ್ಲ. ಆದರೆ ಟಿಕೆಟ್ ಕೌಂಟರು ಒಳ್ಳೆಯ ಓದುಗನಲ್ಲ. ನಾಟಕ ಬಿತ್ತು ಎಂದು ಅದು ಹೇಳುತ್ತದೆ, ಯಾಕೆ ಬಿತ್ತು ಎಂದು ಹೇಳುವುದಿಲ್ಲ. ಹಾಗಾಗಿ ಸಿಕ್ಕಸಿಕ್ಕಲ್ಲಿ ಹಾಡು, ಹಾಸ್ಯ ತುರುಕುವುದೇ ತಿದ್ದುವ ಸುಲಭ ದಾರಿಯಾಯಿತು.

ಹವ್ಯಾಸಿಗಳ ಕಡೆ ಬಂದರೆ ಕೈಲಾಸಂ ಇದ್ದಾರೆ. ಅವರು ಕೂತು ಬರೆದದ್ದಕ್ಕಿಂತ ಗೆಳೆಯರಿಗೆ ಹೇಳಿದ್ದು, ಹೇಳಿ ಬರೆಸಿದ್ದು ಹೆಚ್ಚು. ಅವರ ಕರಡು ಕಾಗದಕ್ಕಿಂತ ಮೊದಲು ಕೇಳುವವರ ಮುಖದ ಮೇಲೆ ಪರೀಕ್ಷೆಗೆ ಒಳಗಾಗುತ್ತಿತ್ತು. ಅವರ ಸಂಭಾಷಣೆ ಇವತ್ತಿಗೂ ನಟರ ನಾಲಗೆಗೆ ಸಲೀಸಾಗಿ ಒಗ್ಗುವುದಕ್ಕೆ ಇದೂ ಒಂದು ಕಾರಣ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಮಾದರಿ ಧಾರವಾಡದ್ದು. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ, ಅದರ ಕಚೇರಿಯಾದ ‘ಅಟ್ಟ’, ಅಲ್ಲಿ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ‘ತುಘಲಕ್’ 1964ರಲ್ಲಿ ಬಂದದ್ದು ಈ ಮನೆಯಿಂದಲೇ. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕವೇ ಇಲ್ಲ ಎಂಬ ಕುರ್ತಕೋಟಿಯವರ ಅಭಿಪ್ರಾಯ ತಮ್ಮನ್ನು ತುಘಲಕನ ಕಡೆಗೆ ತಿರುಗಿಸಿತು ಎಂದು ಕಾರ್ನಾಡರೇ ನೆನೆದಿದ್ದಾರೆ. ಇಲ್ಲಿ ಗಮನಿಸಬೇಕಾದ್ದು ಕುರ್ತಕೋಟಿಯವರು ಮಾಡದೆ ಬಿಟ್ಟದ್ದನ್ನು. ಯಾವ ದೊರೆಯ ಬಗ್ಗೆ ಬರೆಯಬೇಕು, ಹೇಗೆ ಕಟ್ಟಬೇಕು ಎಂಬ ಪಾಠ ಅವರ ಮಾತಿನಲ್ಲಿರಲಿಲ್ಲ. ಒಂದು ಕೊರತೆಯನ್ನು ಹೆಸರಿಟ್ಟು ತೋರಿಸಿ ಸುಮ್ಮನಾದರು. ಕಟ್ಟುವ ಬಗೆಯನ್ನು ಕಾರ್ನಾಡರು ಬೇರೆಲ್ಲಿಂದಲೋ ತಂದರು. ಮುಂದಿನ ಪರದೆಯ ಎದುರು ಹಾಸ್ಯದ ಸೀನು ನಡೆಯುತ್ತಿರುವಾಗಲೇ ಹಿಂದೆ ಅರಮನೆ ಜೋಡಿಸಿಕೊಳ್ಳುವ ಪಾರ್ಸಿ ನಾಟಕದ ಪದ್ಧತಿಯಿಂದ ಅಜೀಜ್ ಮತ್ತು ಆಜಮ್‌ರ ದೃಶ್ಯಗಳು ಬಂದವು.

ಅದೇ ಕಾರ್ನಾಡರು ‘ಹಯವದನ’ ತಮ್ಮ ತಲೆಯಲ್ಲಿ ರೂಪ ಪಡೆದದ್ದು ಬಿ.ವಿ. ಕಾರಂತರ ಜೊತೆ ಮುಖವಾಡದ ಅರ್ಥದ ಬಗ್ಗೆ, ಸಂಗೀತದ ಬಗ್ಗೆ ನಡೆದ ಜಗಳದಂಥ ಚರ್ಚೆಯ ನಡುವೆ ಎಂದು ಹೇಳಿದ್ದಾರೆ. ಮುಂದೆ 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರ್ ಕಾರ್ನಾಡರ ‘ನಾಗಮಂಡಲ’ವನ್ನು ಆಡಿತು, ಅವರಿಂದ ಒಂದು ಹೊಸ ನಾಟಕವನ್ನೂ ಕೇಳಿತು. ಅದು ‘ಅಗ್ನಿ ಮತ್ತು ಮಳೆ’. ಆ ನಾಟಕದ ಕರಡು ಅಲ್ಲಿನ ನಟರ ಕಮ್ಮಟದಲ್ಲಿ ಪಳಗಿತು. ವನಪರ್ವದ ಯವಕ್ರೀತನ ಕಥೆ ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ, ಮಿನಿಯಾಪೊಲಿಸ್‌ನ ನಟರಿಗೆ ಎಲ್ಲಿಂದ ಗೊತ್ತಿರಬೇಕು? ಅಂಥವರ ಎದುರು ಪುರಾಣದ ಹೆಸರು ನಾಟಕಕಾರರ ಸಹಾಯಕ್ಕೆ ಬರುವುದಿಲ್ಲ. ನಾಟಕ ತನ್ನ ಭಾರವನ್ನು ತಾನೇ ಹೊರಬೇಕು. ಕರಡಿಗೆ ಒಬ್ಬ ತಿಳಿದ ಓದುಗರು ಬೇಕಾದಷ್ಟೇ ಒಬ್ಬ ತಿಳಿಯದ ಓದುಗರೂ ಬೇಕು.

3

ಈಗ ಮಾಸ್ಕೋಗೆ ಹೋಗೋಣ. 1900ರ ಅಕ್ಟೋಬರಿನಲ್ಲಿ ಚೆಕಾಫ್ ತಮ್ಮ ‘ಮೂವರು ಸೋದರಿಯರು’ ನಾಟಕವನ್ನು ಆರ್ಟ್ ಥಿಯೇಟರಿನವರ ಎದುರು ಓದಿಸಿದರು. ಓದು ಮುಗಿದಾಗ ಮೆಚ್ಚುಗೆಯಿಲ್ಲ, ಗಲಿಬಿಲಿ. ಇದು ನಾಟಕವೋ ನಾಟಕದ ಟಿಪ್ಪಣಿಯೋ ಎಂದು ನಟರಿಗೆ ಅನುಮಾನ. ಕೆಲವರಿಗೆ ಕಣ್ಣೀರು ಬಂದಿತ್ತು. ಚೆಕಾಫರು ತಾವು ಬರೆದದ್ದು ನಗೆನಾಟಕ ಎಂದುಕೊಂಡಿದ್ದರಂತೆ. ಬೇಸರದಿಂದಲೇ ಎದ್ದು ಹೋದ ಅವರು ಆ ಚಳಿಗಾಲ ಫ್ರಾನ್ಸಿನ ನೀಸ್‌ನಲ್ಲಿ ಕೂತು ಕರಡನ್ನು ತಿದ್ದಿದರು. ಅಲ್ಲಿಂದ ತಿದ್ದುಪಡಿಗಳು ಬರುತ್ತಲೇ ಇದ್ದವು. 1901ರ ಜನವರಿಯ ಕೊನೆಯಲ್ಲಿ ಮೊದಲ ಪ್ರದರ್ಶನವಾಯಿತು.

ಆ ರಂಗಮಂದಿರದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನೆನಪಿಸಿಕೊಳ್ಳುವ ಒಂದು ತಿದ್ದುಪಡಿ ಎಲ್ಲ ನಾಟಕಕಾರರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಮೂವರು ಅಕ್ಕತಂಗಿಯರ ಸೋದರ ಆಂದ್ರೇಯ್‌ಗೆ ಹೆಂಡತಿಯ ಬಗ್ಗೆ ಒಂದು ಉದ್ದನೆಯ ಸ್ವಗತದಂಥ ಮಾತಿತ್ತು.  ಒಂದು ದಿನ ಅಪ್ಪಣೆ ಬಂತು: ಅಷ್ಟನ್ನೂ ತೆಗೆದುಹಾಕಿ, ಅದರ ಜಾಗದಲ್ಲಿ ಮೂರೇ ಮೂರು ಪದ ಇಡಿ. ಆ ಮೂರು ಪದಗಳಲ್ಲಿ ಹೊಸ ವಿಚಾರವೇನಿಲ್ಲ, ಸೋತವನೊಬ್ಬ ಹೇಳಲಾರದೆ ನಿಲ್ಲಿಸುವ ಮಾತಷ್ಟೆ. ಉಳಿದದ್ದನ್ನು ನಟ ಮೌನದಲ್ಲಿ ಆಡಬಲ್ಲ ಎಂದು ಚೆಕಾಫರಿಗೆ ನಂಬಿಕೆ ಬಂದಿತ್ತು. ಮೊದಲ ಓದಿನಲ್ಲಿ ಯಾರೂ ‘ಆ ಮಾತು ತೆಗೆಯಿರಿ’ ಎಂದಿರಲಿಕ್ಕಿಲ್ಲ. ಗಲಿಬಿಲಿಗೊಂಡ ಆ ಮುಖಗಳನ್ನು ನೋಡಿ ಬಂದವರು ಎಲ್ಲಿ ಹೆಚ್ಚು ಹೇಳಬೇಕು, ಎಲ್ಲಿ ಕಡಿಮೆ ಎಂದು ತಾವೇ ಮತ್ತೆ ತೂಗಿ ನೋಡಿದರು.

ಇನ್ನೊಂದು ಸಣ್ಣ ಸಂಗತಿ. ಆ ನಾಟಕದಲ್ಲಿ ಸೈನ್ಯದ ಅಧಿಕಾರಿಗಳು ತುಂಬಾ ಇದ್ದಾರೆ. ಅವರ ಉಡುಪು, ನಡೆನುಡಿಯಲ್ಲಿ ತಪ್ಪಾಗಬಾರದೆಂದು ಸೇನಾ ಜೀವನ ಬಲ್ಲ ಒಬ್ಬ ಕರ್ನಲ್ಲರನ್ನು ಚೆಕಾಫ್ ತಾಲೀಮಿಗೆ ಕಳಿಸಿದರು. ಕರಡಿಗೆ ಕೊಡುವ ಪ್ರತಿಕ್ರಿಯೆಯಲ್ಲಿ ಎರಡು ಬಗೆ ಇದೆ ಎನ್ನುವುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಒಂದು, ನನಗೆ ಹೀಗನ್ನಿಸಿತು ಎಂಬುದು. ಇನ್ನೊಂದು, ವಾಸ್ತವ ಹೀಗಿದೆ ಎಂಬುದು. ಇವನ್ನು ಕಲಸಿಬಿಟ್ಟರೆ ಎರಡೂ ಕೆಡುತ್ತವೆ.

4

ನಾಟಕದ ಪಕ್ಕದಲ್ಲಿ ಕೂರುವ ಈ ಕೆಲಸಕ್ಕೆ ಒಂದು ಹುದ್ದೆಯ ರೂಪ ಬಂದದ್ದು ಜರ್ಮನಿಯಲ್ಲಿ. 1767ರಲ್ಲಿ ಹ್ಯಾಂಬರ್ಗಿನ ಹೊಸ ರಾಷ್ಟ್ರೀಯ ರಂಗಮಂದಿರ ನಾಟಕಕಾರ ಲೆಸಿಂಗ್‌ನನ್ನು ತನ್ನದೇ ನಾಟಕಗಳ ವಿಮರ್ಶಕನಾಗಿ ನೇಮಿಸಿಕೊಂಡಿತು. ಆತ ಮೊದಮೊದಲು ನಟರ ಅಭಿನಯದ ಬಗ್ಗೆಯೂ ಬರೆದ. ನಟರು ಮುನಿದರು, ಆ ಭಾಗವನ್ನೇ ಕೈಬಿಟ್ಟ. ಮನೆಯೊಳಗಿದ್ದು ಮನೆಯವರಿಗೆ ನಿಜ ಹೇಳುವ ಕಷ್ಟ ಈ ಹುದ್ದೆಯ ಜೊತೆಗೇ ಹುಟ್ಟಿದೆ.

ಕರಡನ್ನು ಕೇಳುವುದಕ್ಕೆಂದೇ ಒಂದು ವ್ಯವಸ್ಥೆ ಕಟ್ಟಿದವರು ಅಮೆರಿಕನ್ನರು. ಕನೆಕ್ಟಿಕಟ್‌ನ ವಾಟರ್‌ಫರ್ಡ್‌ನಲ್ಲಿ 1964ರಲ್ಲಿ ಶುರುವಾದ ಯೂಜೀನ್ ಓನೀಲ್ ಕೇಂದ್ರದಲ್ಲಿ ನಟರು ಕೈಯಲ್ಲಿ ಹಸ್ತಪ್ರತಿ ಹಿಡಿದೇ ಆಡುತ್ತಾರೆ. ಸೆಟ್ಟಿಲ್ಲ, ವೇಷದ ಆಡಂಬರವಿಲ್ಲ, ಎಲ್ಲರ ಗಮನವೂ ಮಾತಿನ ಮೇಲೆ. ಆಗಸ್ಟ್ ವಿಲ್ಸನ್‌ರ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ 1982ರಲ್ಲಿ ಅಲ್ಲಿಗೆ ಬಂತು. ಅದಕ್ಕೆ ಮುಂಚೆ ಅವರು ಕಳಿಸಿದ್ದ ನಾಟಕಗಳು ತಿರಸ್ಕೃತವಾಗಿದ್ದವು. ಅಲ್ಲಿನ ನಾಟಕಕಾರರ ಸಮ್ಮೇಳನದ ಕಲಾ ನಿರ್ದೇಶಕ ಲಾಯ್ಡ್ ರಿಚರ್ಡ್ಸ್ ಆ ಕರಡಿನ ಜೊತೆ ನಿಂತರು, 1984ರಲ್ಲಿ ಯೇಲ್‌ನಲ್ಲಿ, ಅದೇ ವರ್ಷ ಬ್ರಾಡ್‌ವೇಯಲ್ಲಿ ನಾಟಕ ಬಂತು. ಮುಂದಿನ ನಾಟಕಗಳಲ್ಲೂ ಇಬ್ಬರೂ ಹೀಗೆಯೇ ಒಂದು ರಂಗಮಂದಿರದಿಂದ ಇನ್ನೊಂದಕ್ಕೆ ಹೋಗುತ್ತ ತಿದ್ದಿದರು.

ಪ್ರತಿಕ್ರಿಯೆ ಕೊಡುವ ಕ್ರಮಕ್ಕೆ ಒಂದು ಶಿಸ್ತು ತಂದವರು ನೃತ್ಯ ಸಂಯೋಜಕಿ ಲಿಜ್ ಲರ್ಮನ್. 1990ರ ಸುಮಾರಿಗೆ ಅವರು ರೂಪಿಸಿದ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ಮೊದಲು ಕೇಳುಗರು ತಮಗೆ ಯಾವುದು ಅರ್ಥಪೂರ್ಣ ಅನ್ನಿಸಿತು, ಯಾವುದು ಮನಸ್ಸಿನಲ್ಲಿ ನಿಂತಿತು ಎಂದಷ್ಟೇ ಹೇಳುತ್ತಾರೆ. ಎರಡನೆಯದಾಗಿ ಕಲಾವಿದರು ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಕೇಳುಗರು ಪ್ರಶ್ನೆ ಕೇಳುತ್ತಾರೆ, ಆದರೆ ಪ್ರಶ್ನೆಯ ಹೊಟ್ಟೆಯೊಳಗೆ ಅಭಿಪ್ರಾಯ ಇರಕೂಡದು. ‘ಆ ದೃಶ್ಯ ಯಾಕಷ್ಟು ಉದ್ದ?’ ಎನ್ನುವುದು ಪ್ರಶ್ನೆಯ ವೇಷದ ದೂರು. ‘ಆ ದೃಶ್ಯದಲ್ಲಿ ನಮಗೆ ಏನು ಗೊತ್ತಾಗಬೇಕೆಂದು ಬರೆದಿರಿ?’ ಎನ್ನುವುದು ಪ್ರಶ್ನೆ. ನಾಲ್ಕನೆಯ ಹೆಜ್ಜೆಯಲ್ಲಿ ಮಾತ್ರ ಅಭಿಪ್ರಾಯ, ಅದೂ ‘ಇದರ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲೇ?’ ಎಂದು ಕೇಳಿ. ಬೇಡ ಎನ್ನುವ ಹಕ್ಕು ಬರೆದವರಿಗಿದೆ. ನಮ್ಮ ಸಭೆಗಳಲ್ಲಿ ನಾವು ನಾಲ್ಕನೆಯ ಹೆಜ್ಜೆಯಿಂದ ಶುರುಮಾಡಿ ಅಲ್ಲಿಯೇ ಮುಗಿಸುತ್ತೇವೆ, ಅನುಮತಿಯ ಮಾತಂತೂ ದೂರ ಉಳಿಯಿತು.

5

ಇದೆಲ್ಲ ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ಒಂದು ಕರಡು ಎದುರಿಗಿರಬೇಕು. ಒಂದನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಒಂದು ಹಳ್ಳಿ. ತಂದೆ ತೀರಿಕೊಂಡಿದ್ದಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ತಂಗಿ ಸರೋಜ ಊರಿಗೆ ಬರುತ್ತಾಳೆ. ಮೊದಲ ದೃಶ್ಯದಲ್ಲಿ ಅವಳು ಬಸ್ಸಿಳಿದು ಮನೆಗೆ ಬರುತ್ತಾಳೆ. ಎರಡನೆಯದು ಮಧ್ಯಾಹ್ನದ ಊಟ, ಅಣ್ಣ ಸಾಲದ ಕಥೆ ಹೇಳುತ್ತಾನೆ. ಮೂರನೆಯದು ಪತ್ರ ಬರಹಗಾರರ ಅಂಗಡಿ. ನಾಲ್ಕನೆಯದು ಸಬ್ ರಿಜಿಸ್ಟ್ರಾರ್ ಕಚೇರಿ. ಅಲ್ಲಿ ಪೆನ್ನು ಕೈಗೆ ಬಂದಾಗ ಅವಳು ಸಹಿ ಹಾಕದೆ ಎದ್ದು ಹೋಗುತ್ತಾಳೆ.

ಓದು ಮುಗಿಯಿತು ಎಂದುಕೊಳ್ಳಿ. ಮೊದಲನೆಯವರು ‘ಕೊನೆ ದಿಢೀರ್ ಅಂತ ಬಂತು, ಅಲ್ಲಿ ಸರೋಜಂಗೆ ಒಂದು ಒಳ್ಳೆ ಮಾತು ಕೊಡಿ’ ಎನ್ನುತ್ತಾರೆ. ಎರಡನೆಯವರು ‘ಅಣ್ಣನ್ನ ಇನ್ನಷ್ಟು ಕೆಟ್ಟವನನ್ನಾಗಿ ಮಾಡಿ, ಕುಡಿತ ಸೇರಿಸಿ’ ಎನ್ನುತ್ತಾರೆ. ಮೂರನೆಯವರು ‘ಸಹಿ ಹಾಕಿಬಿಡಲಿ, ಆಗ ಟ್ರ್ಯಾಜಿಡಿ ಆಗುತ್ತೆ’ ಎನ್ನುತ್ತಾರೆ. ಮೂರೂ ಪರಿಹಾರಗಳು ಒಂದಕ್ಕೊಂದು ವಿರುದ್ಧ, ಮೂರನ್ನೂ ಪಾಲಿಸಿದರೆ ನಾಟಕ ಉಳಿಯುವುದಿಲ್ಲ. ಆದರೆ ಮೂವರ ಬೆರಳೂ ತೋರಿಸುತ್ತಿರುವುದು ಒಂದೇ ಜಾಗವನ್ನು: ಅವಳ ನಿರಾಕರಣೆ ಅವರಿಗೆ ನಂಬಿಕೆ ತರಲಿಲ್ಲ. ಪರಿಹಾರಗಳನ್ನು ಪಕ್ಕಕ್ಕಿಟ್ಟು ಈ ಒಂದು ವರದಿಯನ್ನು ಬರೆದುಕೊಳ್ಳಬೇಕು. ನೋವಿರುವ ಕಡೆಯೇ ರೋಗ ಇರಬೇಕೆಂದಿಲ್ಲ, ನಾಲ್ಕನೆಯ ದೃಶ್ಯದ ದೂರಿಗೆ ಕಾರಣ ಮೊದಲ ದೃಶ್ಯದಲ್ಲಿರಬಹುದು.

ಆಗ ಇಷ್ಟು ಹೊತ್ತು ಸುಮ್ಮನಿದ್ದ ಒಬ್ಬರು ಕೇಳುತ್ತಾರೆ: ‘ಮೊದಲ ಸೀನಲ್ಲಿ ಅತ್ತಿಗೆ ಬಂದು ನೀರು ಕೊಡ್ತಾರೆ. ಆದರೆ ಕೂತ್ಕೋ ಅಂತ ಸರೋಜಂಗೆ ಯಾರೂ ಹೇಳಲ್ಲ. ಅದು ಬೇಕಂತಲೇ ಬಿಟ್ಟಿದ್ದಾ?’

ಬರೆದವರು ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಗಮನಿಸುತ್ತಾರೆ. ಮುಂದಿನ ಕರಡಿನಲ್ಲಿ ಸರೋಜ ಮೊದಲ ದೃಶ್ಯವಿಡೀ ಚೀಲ ಹಿಡಿದು ನಿಂತೇ ಇರುತ್ತಾಳೆ. ಊಟದ ದೃಶ್ಯದಲ್ಲಿ ಬಡಿಸುತ್ತಾಳೆ, ಅವಳ ಎಲೆ ಕೊನೆಗೆ. ಅಂಗಡಿಯಲ್ಲಿ ಇರುವ ಒಂದೇ ಸ್ಟೂಲಿನಲ್ಲಿ ಅಣ್ಣ ಕೂರುತ್ತಾನೆ. ಕಚೇರಿಯಲ್ಲಿ ಗುಮಾಸ್ತ ಕಡತದಿಂದ ತಲೆಯೆತ್ತದೆ ‘ಕೂತ್ಕೊಳ್ಳಮ್ಮ’ ಎನ್ನುತ್ತಾನೆ. ಅವಳು ಕೂರುತ್ತಾಳೆ. ಇನ್ನು ಅವಳಿಗೆ ಭಾಷಣ ಬೇಕಿಲ್ಲ, ಅಣ್ಣನಿಗೆ ಕುಡಿತ ಬೇಕಿಲ್ಲ. ಆ ಪ್ರಶ್ನೆ ಕೇಳಿದವರು ಒಂದು ಸಾಲನ್ನೂ ಬರೆದುಕೊಡಲಿಲ್ಲ. ಕರಡಿನಲ್ಲಿ ಆಗಲೇ ಇದ್ದದ್ದನ್ನು ಬರೆದವರಿಗೆ ತೋರಿಸಿದರು.

ಇನ್ನು ಕರ್ನಲ್ಲರ ಕೆಲಸ. ವಕೀಲಿಕೆ ಬಲ್ಲ ಗೆಳೆಯರೊಬ್ಬರು ಕೇಳುತ್ತಾರೆ: ಈ ನಾಟಕ ನಡೆಯುವುದು ಯಾವ ವರ್ಷ? ಸರೋಜಳ ಮದುವೆ ಆದದ್ದು ಯಾವಾಗ? ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಬಂತು. ಆದರೆ ಅದು ಜಾರಿಯಾಗುವ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಈ ಭೇದವಿಲ್ಲ. ಸರೋಜ 1990ರಲ್ಲಿ ಮದುವೆಯಾಗಿ, ನಾಟಕ 1998ರಲ್ಲಿ ನಡೆದರೆ ಅವಳ ಸಹಿಗೆ ಇರುವ ಬೆಲೆ ತಂದೆಯ ಪಾಲಿನಲ್ಲಿ ಅವಳಿಗೆ ಬರಬೇಕಾದಷ್ಟಕ್ಕೇ. 2008ರಲ್ಲಿ ನಡೆದರೆ ಅವಳು ಅಣ್ಣನಿಗೆ ಸಮಾನ. ಮೊದಲನೆಯದರಲ್ಲಿ ಅಣ್ಣ ಗದರಿಸಬಹುದು, ಎರಡನೆಯದರಲ್ಲಿ ಓಲೈಸಬೇಕು. ಇಸವಿ ಬದಲಾದರೆ ಅಣ್ಣನ ದನಿಯೇ ಬದಲಾಗುತ್ತದೆ. ಇಂಥ ಮಾಹಿತಿಯನ್ನು ‘ನಿಮ್ಮ ನಾಟಕದಲ್ಲಿ ತಪ್ಪಿದೆ’ ಎಂದು ಒಪ್ಪಿಸಬೇಕಿಲ್ಲ. ‘ಈ ಎರಡು ದಾರಿಗಳಿವೆ’ ಎಂದು ಇಟ್ಟರೆ ಆಯ್ಕೆ ಬರೆದವರಿಗೆ ಉಳಿಯುತ್ತದೆ.

6

ಕೇಳಿಸಿಕೊಳ್ಳುವವರ ಕಡೆಯ ಶಿಸ್ತೂ ಇದೆ. ಮೊದಲ ಕರಡನ್ನೇ ಎಲ್ಲರ ಎದುರು ಇಡಬೇಡಿ. ಇನ್ನು ನನ್ನಿಂದ ತಿದ್ದಲಾಗದು ಎನ್ನುವ ಹಂತದವರೆಗೆ ನೀವೇ ತಿದ್ದಿ, ಆಮೇಲೆ ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ, ಆ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬ ಉತ್ತರ ಸಿದ್ಧವಾಗಿಯೇ ಇದೆ. ‘ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ನಿಮಗೆ ಯಾವಾಗ ಗೊತ್ತಾಯಿತು?’ ಎಂದು ಕೇಳಿ. ನಿಮ್ಮ ನಾಟಕವನ್ನು ನೀವೇ ಓದಬೇಡಿ. ನೀವು ಓದಿದರೆ ಬರೆಯದೇ ಬಿಟ್ಟದ್ದನ್ನೂ ದನಿಯಲ್ಲಿ ತುಂಬಿಬಿಡುತ್ತೀರಿ. ನಟರಿಗೆ ಕೊಟ್ಟು ಕೇಳುಗರನ್ನು ನೋಡುತ್ತಾ ಕೂರಿ. ಯಾವ ಪುಟದಲ್ಲಿ ಮೊಬೈಲು ಹೊರಬಂತು, ಯಾವ ಮಾತಿಗೆ ನಟ ಉಸಿರು ಹುಡುಕಿದ, ಇದಕ್ಕೊಂದು ಗುರುತು ಹಾಕಿಕೊಳ್ಳಿ. ಪ್ರತಿಕ್ರಿಯೆ ಬರುವಾಗ ವಿವರಣೆ ಕೊಡಬೇಡಿ, ಪ್ರೇಕ್ಷಕರ ಪಕ್ಕದಲ್ಲಿ ಕೂತು ವಿವರಿಸಲು ನೀವು ನಾಳೆ ಇರುವುದಿಲ್ಲ. ಎಲ್ಲವನ್ನೂ ಬರೆದುಕೊಳ್ಳಿ, ಕೆಲವು ದಿನ ಬಿಟ್ಟು ನೋಡಿ, ಇನ್ನೂ ಕಾಡುವುದನ್ನು ಮಾತ್ರ ಉಳಿಸಿಕೊಳ್ಳಿ.

ಇದಕ್ಕೆ ಆಕ್ಷೇಪಗಳಿವೆ, ಅವು ಸುಳ್ಳಲ್ಲ. ಹತ್ತು ಜನ ಸೇರಿ ಕೆತ್ತಿದರೆ ನಾಟಕದ ಮೂಲೆಗಳೆಲ್ಲ ಸವೆದು ನುಣ್ಣಗಾಗುತ್ತದೆ ಎಂಬುದು ಒಂದು. ಓದಿನಿಂದ ಓದಿಗೆ ಅಲೆದು ರಂಗಕ್ಕೆ ಬಾರದೆ ಉಳಿಯುವ ನಾಟಕಗಳ ಬಗ್ಗೆ ಅಮೆರಿಕದ ನಾಟಕಕಾರರೇ ದೂರಿದ್ದಾರೆ ಎಂಬುದು ಇನ್ನೊಂದು. ವಿಚಿತ್ರವಾದದ್ದು, ಮೊದಲ ಕೇಳ್ವಿಕೆಗೆ ದಕ್ಕದ್ದು ಇಂಥ ಸಭೆಯಲ್ಲಿ ಬದುಕುವುದು ಕಷ್ಟ. ಅದಕ್ಕೇ ನಾನು ಪರಿಹಾರ ಬೇಡವೆಂದು, ವರದಿಯನ್ನು ಕೇಳುತ್ತಿರುವುದು. ‘ಇಲ್ಲಿ ನನಗೆ ಅರ್ಥವಾಗಲಿಲ್ಲ’ ಎಂಬ ವರದಿಗೆ ‘ಅರ್ಥವಾಗಬಾರದೆಂದೇ ಬರೆದೆ’ ಎಂದು ಬರೆದವರು ತಮ್ಮೊಳಗೇ ಉತ್ತರಿಸಿಕೊಂಡು ಮುಂದೆ ಹೋಗಬಹುದು. ‘ಹೀಗೆ ಬದಲಾಯಿಸಿ’ ಎಂಬ ಸಲಹೆಗೆ, ಅದೂ ಹಿರಿಯರಿಂದ ಬಂದರೆ, ನಮ್ಮ ಊರುಗಳಲ್ಲಿ ಕಿರಿಯರು ಅಷ್ಟು ಸುಲಭವಾಗಿ ಇಲ್ಲವೆನ್ನಲಾರರು.

7

ಇದಕ್ಕೆ ಹೊಸ ಅಕಾಡೆಮಿ ಬೇಡ, ಅನುದಾನವೂ ಬೇಡ. ನೀನಾಸಮ್, ರಂಗಾಯಣಗಳಿಂದ ಕಲಿತು ಬಂದ ನಟರು ಇವತ್ತು ಜಿಲ್ಲೆ ಜಿಲ್ಲೆಗಳಲ್ಲಿದ್ದಾರೆ, ಹವ್ಯಾಸಿ ತಂಡಗಳು ಎಲ್ಲೆಡೆ ಇವೆ. ಪ್ರತಿ ತಂಡವೂ ಹೊಸ ನಾಟಕವನ್ನು ತಾಲೀಮಿಗೆ ಎತ್ತಿಕೊಳ್ಳುವ ಮೊದಲು ಒಂದು ದಿನ ಅದರ ಓದಿಗೆ ಮೀಸಲಿಡಲಿ. ನಟರು ಓದಲಿ, ನಿರ್ದೇಶಕರು ಅಂದು ಕೇಳುಗರ ಸಾಲಿನಲ್ಲಿ ಬಾಯಿಮುಚ್ಚಿ ಕೂರಲಿ. ಅವರು ಕರಡು ಓದುವಾಗಲೇ ತಮ್ಮ ಪ್ರಯೋಗವನ್ನು ನೋಡುತ್ತಿರುತ್ತಾರೆ, ಬರೆದವರಿಗೆ ಅಂದು ಬೇಕಾದದ್ದು ನಾಟಕವನ್ನಷ್ಟೇ ನೋಡುವವರು. ಕೇಳುಗರಲ್ಲಿ ನಾಟಕದ ವಿಷಯ ಬಲ್ಲವರೊಬ್ಬರು, ಏನೂ ತಿಳಿಯದವರೊಬ್ಬರು ಇರಲಿ. ಮೊದಲ ಅರ್ಧ ಗಂಟೆ ‘ಬೇಕು’, ‘ಬೇಡ’, ‘ಮಾಡಿ’, ‘ತೆಗೆಯಿರಿ’ ಎಂಬ ಪದಗಳಿಗೆ ಪ್ರವೇಶವಿಲ್ಲ ಎಂಬ ಒಂದು ಕಟ್ಟಳೆ ಸಾಕು.

ನಾಟಕ ಸ್ಪರ್ಧೆ ನಡೆಸುವ ಸಂಸ್ಥೆಗಳಲ್ಲಿ ಒಂದು ಬೇಡಿಕೆ. ಬಹುಮಾನ ಬಾರದ ನಾಟಕಗಳನ್ನು ಮರಳಿಸುವಾಗ ತೀರ್ಪುಗಾರರು ಒಂದು ಪುಟ ಬರೆಯಲಿ: ನಾಟಕದಲ್ಲಿ ಏನು ಕಂಡಿತು, ಎಲ್ಲಿ ದಾರಿ ತಪ್ಪಿತು. ಬಹುಮಾನ ಒಬ್ಬರ ಕೈಸೇರುತ್ತದೆ, ಅಂಥ ಪುಟ ನಾಟಕ ಬರೆದ ಎಲ್ಲರ ಕೈಸೇರುತ್ತದೆ. ಈ ದತ್ತಿಯ ವತಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ, ಸಂತೋಷ. ಮುಂದಿನ ವರ್ಷ ಉಪನ್ಯಾಸದ ಬದಲಿಗೆ ಇದೇ ಸಭಾಂಗಣದಲ್ಲಿ ಒಂದು ಹೊಸ ಕರಡಿನ ಓದು ನಡೆದರೆ ದತ್ತಿಯ ಉದ್ದೇಶಕ್ಕೆ ಚ್ಯುತಿಯಾಗದು ಎಂದು ನನ್ನ ನಂಬಿಕೆ. ಕರಡು ಇರುವವರು ಈ ಸಭೆಯಲ್ಲೇ ಇದ್ದೀರಿ. ಕೇಳುವವರಾಗಿ ಬರಲು ನಾನು ಸಿದ್ಧ.